ಸಮುದ್ರದಲ್ಲಿ ನಿಂತ ಚುಕ್ಕೆ

ಪರದೆಯ ಮೇಲೆ ಹಸಿರು ಚುಕ್ಕೆ ನೀಲಿ ಬಣ್ಣದೊಳಗೆ ನಿಂತಿತ್ತು. ದಂಡೆಯ ಗೆರೆಯಿಂದ ನನ್ನ ಕಿರುಬೆರಳಿನ ಉಗುರಿನಷ್ಟು ದೂರ. ನಕ್ಷೆಯನ್ನು ಹಿಗ್ಗಿಸಿದಷ್ಟೂ ದಂಡೆ ಹಿಂದೆ ಸರಿಯುತ್ತಿತ್ತು, ಚುಕ್ಕೆ ನೀರಿನಲ್ಲೇ ಉಳಿಯುತ್ತಿತ್ತು. ಅದರ ಮೇಲೆ ಬೆರಳಿಟ್ಟರೆ ಸಣ್ಣ ಚೌಕವೊಂದು ತೆರೆದು, ನಾನೇ ಟೈಪ್ ಮಾಡಿದ್ದ ಮಾತು ಕಾಣುತ್ತಿತ್ತು: ಮಸಗುಪ್ಪಿ ಮಹಿಳಾ ಸಂಘ, ಬಸ್ ನಿಂತಿದೆ.

ಗೋಕಾಕದ ಬಸ್ ಸ್ಟ್ಯಾಂಡಿನ ಎದುರು, ಕರದಂಟಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಟ್ರಾವೆಲ್ಸ್ ಕಚೇರಿ ಇದೆ. ಓದು ಮುಗಿಸಿ ಬಂದ ವರ್ಷದಿಂದ ಮೊನ್ನೆ ಮೊನ್ನೆಯವರೆಗೆ ನಾನು ಅಲ್ಲಿ ಕೆಲಸ ಮಾಡಿದೆ. ಮೂವತ್ತು ದಾಟಿದ ಕೂಡಲೇ ನಿವೃತ್ತಿ ಎಂದರೆ ಜನ ನಗುತ್ತಾರೆ. ಆದರೆ ಆ ಕೆಲಸಕ್ಕೆ ನಾನು ಮತ್ತೆ ಹೋಗುವುದಿಲ್ಲ. ಅದಕ್ಕೆ ಬೇರೆ ಪದ ನನಗೆ ಗೊತ್ತಿಲ್ಲ. ಈಗ ಕೊಣ್ಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುತ್ತೇನೆ.

ನನ್ನ ಕುರ್ಚಿಗೆ ಹುಕ್ಕೇರಿಯ ಹುಡುಗಿಯೊಬ್ಬಳು ಬಂದಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ, ಈ ಕೆಲಸದಲ್ಲಿ ಮುಖ್ಯವಾಗಿ ಏನು ಕಲಿಯಬೇಕೆಂದು ಕೇಳಿದಳು. ಅವಳು ಕೇಳಿದ್ದು ಸಾಫ್ಟ್‌ವೇರಿನ ಬಗ್ಗೆ. ಅದನ್ನು ಫೋನಿನಲ್ಲೇ ಹೇಳಿ ಮುಗಿಸಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳು ಓದಿದರೆ ಒಳ್ಳೆಯದು. ಅಂಥ ಕುರ್ಚಿಗಳಲ್ಲಿ ಕೂತ ಬೇರೆಯವರು ಓದಿದರೂ ಆದೀತು.

ನಾನು ಸೇರಿದಾಗ ಕಚೇರಿಯಲ್ಲಿ ಕಂಪ್ಯೂಟರ್ ಇತ್ತು, ಅದರ ಮೇಲೆ ಕ್ರೋಶಾ ಹೆಣಿಗೆಯ ಬಟ್ಟೆ ಹೊದಿಸಿದ್ದರು. ನಿಜವಾದ ಕೆಲಸ ನಡೆಯುತ್ತಿದ್ದುದು ಒಂದು ರಟ್ಟಿನ ಮೇಲೆ. ರಟ್ಟಿನ ಮೇಲೆ ಬಸ್ಸಿನ ಸೀಟುಗಳ ಚಿತ್ರ, ಚಿತ್ರದ ಮೇಲೆ ಪ್ಲಾಸ್ಟಿಕ್ ಹಾಳೆ. ಸೀಟಿನ ಚೌಕದೊಳಗೆ ಸ್ಕೆಚ್ ಪೆನ್ನಿನಿಂದ ಊರಿನ ಹೆಸರು ಬರೆಯುತ್ತಿದ್ದೆವು, ಬಸ್ ಹೋಗಿ ಬಂದ ಮೇಲೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆವು. ಕೊಣ್ಣೂರ, ಹತ್ತರಗಿ, ಮೂಡಲಗಿ. ಊರಿನ ಹೆಸರು ಸಾಕಾಗುತ್ತಿತ್ತು. ಮನುಷ್ಯರ ಹೆಸರು ಯಾರಿಗೂ ಬೇಕಿರಲಿಲ್ಲ.

ನನ್ನ ಎಂ.ಎಸ್ಸಿ. ಭೂಗೋಳಶಾಸ್ತ್ರದಲ್ಲಿ. ನಕ್ಷೆಗಳ ಬಗ್ಗೆ ಒಂದಿಷ್ಟು ಓದಿದ್ದೇನೆಂಬ ಕಾರಣಕ್ಕೇ ಮಾಲಕರು ನನ್ನನ್ನು ಇಟ್ಟುಕೊಂಡಿದ್ದು. ಮಾಲಕರು ಅಂದರೆ ಅಶೋಕ ಸರ್. ಮೂರು ಬಸ್ಸಿನಿಂದ ಶುರುಮಾಡಿದವರು, ಮಾತು ಮೃದು, ಸಿಟ್ಟು ಬಂದರೆ ಇನ್ನೂ ಮೃದು. ಅವರು ಹುಬ್ಬಳ್ಳಿಯ ಒಬ್ಬರಿಂದ ನಮ್ಮ ಕಚೇರಿಗೆಂದೇ ಒಂದು ಆ್ಯಪ್ ಮಾಡಿಸಿದರು. ರಟ್ಟು ಅಟ್ಟ ಸೇರಿತು. ಮನೆಯಿಂದಲೇ ಸೀಟು ಹಿಡಿಯಬಹುದು, ಬಸ್ ಎಲ್ಲಿದೆ ಎಂದು ನೋಡಬಹುದು, ಸಾಲಿನಲ್ಲಿ ನಿಲ್ಲಬೇಕಿಲ್ಲ. ಇವೆಲ್ಲ ಸುಳ್ಳಲ್ಲ. ನಾನೇ ಹಳ್ಳಿಹಳ್ಳಿಗೆ ಹೋಗಿ ತೋರಿಸಿ ಬಂದಿದ್ದೇನೆ.

ಮೊದಲ ಬದಲಾವಣೆ ಓಟಿಪಿ. ಸೀಟು ಹಿಡಿದವರ ಮೊಬೈಲಿಗೆ ಒಂದು ಸಂಖ್ಯೆ ಬರುತ್ತದೆ, ಅದನ್ನು ಹೇಳಿದರೆ ಮಾತ್ರ ಟಿಕೆಟ್. ಮೋಸ ತಪ್ಪಿಸಲಿಕ್ಕೆ. ಒಂದು ದಿನ ಹುಕ್ಕೇರಿ ಕಡೆಯ ಅಂಗನವಾಡಿ ಸಹಾಯಕಿಯೊಬ್ಬರು ಬ್ಯಾಗು ಸಮೇತ ಬಂದರು. ಸೊಲ್ಲಾಪುರದಲ್ಲಿ ತಂಗಿಗೆ ಹೆರಿಗೆಯಾಗಿತ್ತು. ಅವರು ಕೊಟ್ಟದ್ದು ಮನೆಯ ನಂಬರು, ಮನೆಯ ಫೋನು ಇದ್ದದ್ದು ಗಂಡನ ಕಿಸೆಯಲ್ಲಿ. ಸಂಖ್ಯೆ ಅವನಿಗೆ ಹೋಯಿತು. ಅವನು ಸಂಖ್ಯೆ ಹೇಳಲಿಲ್ಲ, ಕಚೇರಿಗೆ ಫೋನ್ ಮಾಡಿ, ಹಾಗೆ ಹೇಳದೆ ಕೇಳದೆ ಹೊರಟಿದ್ದಾಳೆಂದರೆ ಮನೆಗೆ ಕಳಿಸಿಬಿಡಿ ಎಂದ. ಅವರು ನನ್ನ ಮುಂದೆಯೇ ನಿಂತಿದ್ದರು. ಮೊದಲಿನ ಹಾಗೆ ರೊಕ್ಕ ಕೊಟ್ಟರೆ ಚೀಟಿ ಕೊಡುವುದಿಲ್ಲವೇ ಎಂದು ಕೇಳಿದರು. ಆದರೆ ಆ್ಯಪ್ ಸಂಖ್ಯೆ ಇಲ್ಲದೆ ಚೀಟಿ ಕೊಡುತ್ತಿರಲಿಲ್ಲ. ಸೊಲ್ಲಾಪುರದ ಬಸ್ಸು ಕೆಳಗಿನಿಂದ ಹೊರಟು ಹೋಗುವುದನ್ನು ನಮ್ಮ ಕಿಟಕಿಯಿಂದ ನೋಡಿ, ಬ್ಯಾಗು ಎತ್ತಿಕೊಂಡು ಹುಕ್ಕೇರಿಯ ಬಸ್ಸು ಹತ್ತಿದರು.

ಆಮೇಲೆ ಸೀಟಿನ ಸಂದೇಶ. ಹೊರಡುವ ಹಿಂದಿನ ದಿನ ಎಲ್ಲರ ಫೋನಿಗೆ ಸೀಟಿನ ನಂಬರಿನ ಜೊತೆ ಪಕ್ಕದಲ್ಲಿ ಕೂರುವವರ ಪೂರ್ಣ ಹೆಸರೂ ಹೋಗುತ್ತಿತ್ತು. ಜನರಿಗೆ ಪರಿಚಯವಾಗುತ್ತದೆ, ಸ್ನೇಹ ಬೆಳೆಯುತ್ತದೆ ಎಂದು ಹುಬ್ಬಳ್ಳಿಯವನು ಉತ್ಸಾಹದಿಂದ ಹೇಳಿದ್ದ. ಹತ್ತರಗಿಯಿಂದ ಒಬ್ಬರು ಫೋನ್ ಮಾಡಿದರು. ಅವರ ತಾಯಿ ಪಂಢರಪುರಕ್ಕೆ ಹೊರಟಿದ್ದರು.

"ಮೇಡಂ, ಅವ್ವನ ಬಾಜೂ ಸೀಟಿನವರದು ಅಡ್ಡೆಸರು ನೋಡಿದ್ವಿ. ಸ್ವಲ್ಪ ಹೊಂದಿಸಿ ಕೊಡ್ರಿ."

"ಏನು ಹೊಂದಸಬೇಕ್ರಿ?"

"ನಿಮಗ ತಿಳಿತೈತಿ, ಬಿಡಿಸಿ ಹೇಳೂದೇನೈತಿ."

ನನಗೆ ತಿಳಿಯಿತು. ನನ್ನ ಅಡ್ಡಹೆಸರು ಅವರಿಗೆ ತಿಳಿದಿರಲಿಲ್ಲ. ಇಲ್ಲಿಯೂ ಅದನ್ನು ಬರೆಯುವುದಿಲ್ಲ. ಬರೆದರೆ ನೀವೂ ಮೊದಲು ಅದನ್ನೇ ಓದುತ್ತೀರಿ. ನಮ್ಮ ಮನೆಯಲ್ಲಿ ಬುದ್ಧನ ಚಿತ್ರವಿದೆ ಎಂದಷ್ಟೇ ಹೇಳುತ್ತೇನೆ. ಮೊದಲು ಬಾಜೂ ಯಾರೆಂದು ಗೊತ್ತಾಗುವ ಹೊತ್ತಿಗೆ ಬಸ್ ಘಟಪ್ರಭಾ ದಾಟಿರುತ್ತಿತ್ತು, ಯಾರೂ ಇಳಿದು ಹೋಗುತ್ತಿರಲಿಲ್ಲ. ನಮ್ಮ ಸಂದೇಶ ಅವರಿಗೆ ಯೋಚಿಸಲು ಒಂದು ಇಡೀ ದಿನ ಕೊಟ್ಟಿತು. ಮಾಲಕರು ಸೀಟು ಬದಲಿಸಿದರು. ಮುಂದಿನ ವಾರ ಆ್ಯಪಿನಲ್ಲಿ ಅದಕ್ಕೇ ಒಂದು ಗುಂಡಿ ಬಂತು.

ಆ ತಾಯಿಯ ವಿಷಯ ಡ್ರೈವರ್ ಬಾಬೂ ಕಾಕಾ ಬಂದು ಹೇಳಿದರು. ಅವರು ನಮ್ಮ ಹಳೆಯ ಡ್ರೈವರ್. ಮುದುಕಿ ಅರ್ಧ ದಾರಿಯಲ್ಲೇ ತಾನಾಗಿ ಎದ್ದು ಹೋಗಿ ಆ ಬೇಡವಾದ ಸೀಟಿನವಳ ಪಕ್ಕ ಕೂತಳಂತೆ. ಇಬ್ಬರಿಗೂ ತಂಬಾಕಿನ ಚಟ, ಇಡೀ ಬಸ್ಸಿನಲ್ಲಿ ಸುಣ್ಣದ ಡಬ್ಬಿ ಇದ್ದದ್ದು ಅವಳ ಹತ್ತಿರ ಮಾತ್ರ. ಹೋಗುವಾಗಲೂ ಬರುವಾಗಲೂ ಇಬ್ಬರೂ ಬಾಯಿ ಮುಚ್ಚಲಿಲ್ಲವಂತೆ. ನಾನು ನಕ್ಕೆ. ಕಾಕಾ ನಗಲಿಲ್ಲ. ಹತ್ತರಗಿ ಹತ್ತಿರ ಬಂದಾಗ ಮುದುಕಿ ಎದ್ದು ತನ್ನ ಸೀಟಿಗೆ ವಾಪಸು ಹೋಗಿ ಕೂತಳು ಎಂದರು. ಸ್ಟಾಪಿನಲ್ಲಿ ಮಗ ನಿಂತಿದ್ದ.

ಪ್ರಯಾಣ ಮಾಡುವವರಿಗೆ ಅನುಕೂಲ ಮಾಡಿಕೊಡುತ್ತಿದ್ದೇವೆ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಅನುಕೂಲವಾಗುತ್ತಿದ್ದುದು ಮನೆಯಲ್ಲಿ ಉಳಿದವರಿಗೆ.

ಮೂರನೆಯದು ಚುಕ್ಕೆ. ಪ್ರತಿ ಬಸ್ಸಿನಲ್ಲಿ ಒಂದು ಸಣ್ಣ ಪೆಟ್ಟಿಗೆ ಕೂಡಿಸಿದೆವು. ಮನೆಯವರ ಫೋನಿಗೆ ಲಿಂಕ್ ಹೋಗುತ್ತದೆ, ಒತ್ತಿದರೆ ನಕ್ಷೆಯ ಮೇಲೆ ಬಸ್ಸು ಹಸಿರು ಚುಕ್ಕೆಯಾಗಿ ಓಡುತ್ತದೆ. ಮಾಲಕರ ಎಲ್ಲ ಸಾಹಸಗಳಲ್ಲಿ ಇದೇ ಹೆಚ್ಚು ಹೆಸರು ಮಾಡಿತು. ಬಸ್ಸುಗಳ ಹಿಂದೆ ದೊಡ್ಡ ಅಕ್ಷರದಲ್ಲಿ "ನಮ್ಮ ಚುಕ್ಕೆ ಸುಳ್ಳು ಹೇಳುವುದಿಲ್ಲ" ಎಂದು ಬರೆಸಿದರು. ಸುತ್ತಲಿನ ಶಾಲೆಗಳು ತಮ್ಮ ಬಸ್ಸಿಗೂ ಹಾಕಿಸಿಕೊಂಡವು. ಪೆಟ್ಟಿಗೆ ಸಿಗ್ನಲ್ ಇಲ್ಲದ ಕಡೆ ಅಂದಾಜಿನಲ್ಲಿ ಜಾಗ ತೋರಿಸುತ್ತದೆ, ಆ ಮಾತನ್ನೂ ಲಿಂಕಿನ ಕೆಳಗೆ ಸಣ್ಣದಾಗಿ ಹಾಕೋಣ ಎಂದು ನಾನು ಆಗಲೇ ಹೇಳಿದ್ದೆ. ಮಾಲಕರು, "ನೀ ನಕ್ಷೆ ಕಲತಾಕಿ, ನಾ ಮಂದಿ ಕಲತಾಂವ" ಎಂದು ನಕ್ಕರು.

ಇನ್ನು ಮಸಗುಪ್ಪಿಯ ಸಂಘದ ಮಾತು. ಅದರ ಮುಂದಾಳು ಶಾಂತವ್ವ, ನಲವತ್ತೈದು ಐವತ್ತರ ಹೆಂಗಸು. ದನಿ ಗಟ್ಟಿ, ನಗು ಅದಕ್ಕಿಂತ ಗಟ್ಟಿ. ವರ್ಷಕ್ಕೊಮ್ಮೆ ಸಂಘದ ಹೆಂಗಸರು ನಮ್ಮ ಬಸ್ಸು ಹಿಡಿದು ಎರಡು ದಿನ ಹೋಗಿಬರುತ್ತಿದ್ದರು. ವರ್ಷದ ಉಳಿದ ದಿನವೆಲ್ಲ ಕಳೆ, ದನ, ಒಲೆ. ಆ ಎರಡು ದಿನವನ್ನು ಶಾಂತವ್ವ ಮನೆಮನೆಗೆ ಹೋಗಿ, ಗಂಡಸರ ಜೊತೆ ವಾದ ಮಾಡಿ ಗಳಿಸಿದ್ದರು. ಗಂಡಸರು ಒಪ್ಪಿದ್ದು ದೇವರ ಹೆಸರಿಗೆ. ಊರಿಗೆ ಮರಳಿದಾಗ ಮನೆಮನೆಗೂ ಪ್ರಸಾದ ಮುಟ್ಟಬೇಕು. ಮುಟ್ಟಿದರೆ ಪ್ರಯಾಣ ಸರಿ ಹೋಯಿತೆಂದು ಲೆಕ್ಕ, ದಾರಿಯಲ್ಲಿ ಏನು ಮಾಡಿದಿರೆಂದು ಕೇಳುವ ಪದ್ಧತಿ ಇರಲಿಲ್ಲ. ಹೀಗೆ ಕೊಲ್ಲಾಪುರದ ಅಂಬಾಬಾಯಿಯ ಪ್ರಸಾದದ ಹಿಂದೆ ಒಂದು ವರ್ಷ ಅಲ್ಲಿಯ ದೊಡ್ಡ ಅಂಗಡಿಯೊಂದರ ಚಲಿಸುವ ಮೆಟ್ಟಿಲು ಇತ್ತು. ಕಾವಲುಗಾರ ಕೈಮುಗಿದು ಕಳಿಸುವ ತನಕ ಅದರ ಮೇಲೆ ಹತ್ತಿ ಇಳಿದರಂತೆ. ಇನ್ನೊಂದು ವರ್ಷದ ಪ್ರಸಾದದ ಹಿಂದೆ ಒಂದು ಸಿನಿಮಾ ಇತ್ತು. ಬಾಬೂ ಕಾಕಾಗೆ ಎಲ್ಲ ಗೊತ್ತು. ಅವರ ಬಾಯಿಂದ ಒಂದು ಮಾತು ಆಚೆ ಬಂದದ್ದಿಲ್ಲ, ನನಗೆ ಹೇಳಿದ್ದು ಶಾಂತವ್ವ.

ಚುಕ್ಕೆ ಬಂದ ಮೇಲೆ ಪ್ರಸಾದದ ಬೆಲೆ ಇಳಿಯಿತು. ಮಸಗುಪ್ಪಿಯ ಹಾಲಿನ ಡೇರಿಯಲ್ಲಿ ಶಾಂತವ್ವನ ಭಾವ ರಾಮಣ್ಣ ಕೂರುತ್ತಿದ್ದರು. ಶಾಂತವ್ವನ ಗಂಡ ಅವರ ತಮ್ಮ. ಅಣ್ಣ ಮಾತಾಡುವಾಗ ತಮ್ಮ ಬಾಯಿ ತೆಗೆಯುವ ಮನೆ ಅದಲ್ಲ. ರಾಮಣ್ಣನವರು ಫೋನನ್ನು ಹಾಲಿನ ಕ್ಯಾನಿಗೆ ಒರಗಿಸಿ ಇಡುತ್ತಿದ್ದರಂತೆ. ಹಾಲು ಹಾಕಲು ಬಂದವರೆಲ್ಲ ನಿಂತು ನೋಡುತ್ತಿದ್ದರಂತೆ. ಚುಕ್ಕೆ ಚಹಾಕ್ಕೆ ನಿಂತರೂ ಶಾಂತವ್ವನಿಗೆ ಫೋನು ಹೋಗುತ್ತಿತ್ತು. ಆ ವರ್ಷ ಹೆಂಗಸರು ನೇರವಾಗಿ ಗುಡಿಗೆ ಹೋಗಿ ನೇರವಾಗಿ ಬಂದರು. ಮರು ವರ್ಷವೂ ಹಾಗೆಯೇ.

ಈ ವರ್ಷ ಶಾಂತವ್ವ ಒಬ್ಬರೇ ಕಚೇರಿಗೆ ಬಂದರು. ಮೆಟ್ಟಿಲು ಹತ್ತಿ ಬಂದ ದಣಿವು ಆರುವ ತನಕ ನನ್ನ ಮುಂದಿದ್ದ ಪರದೆಯನ್ನೇ ನೋಡುತ್ತ ಕೂತರು.

"ತಂಗಿ, ಆ ಚುಕ್ಕಿ ಒಂದಿನ ಮಲಗಸಾಕ ಬರತೈತೇನು?"

ಪೆಟ್ಟಿಗೆಯ ಕೀಲಿ ಮಾಲಕರ ಹತ್ತಿರ ಇರುತ್ತದೆ, ನನ್ನ ಕೈಯಲ್ಲಿಲ್ಲ ಎಂದೆ. ಎಲ್ಲಿಗೆ ಹೋಗಬೇಕಿತ್ತು ಎಂದು ಕೇಳಿದೆ.

"ಸಮುದ್ರ ನೋಡಬೇಕಂತೇವಿ. ನಮ್ಮಾಗ ಒಬ್ಬಾಕೀನೂ ನೋಡಿಲ್ಲ. ಕೇಳಿದ್ರ ರಾಮಣ್ಣ ಭಾವ ಏನಂತಾನ ಗೊತ್ತೈತಿ. ನೀರು ನೋಡಾಕ ಅಲ್ಲಿತನಕ ಯಾಕ, ಹೊಳಿ ಐತಲ್ಲಾ ಅಂತಾನ."

ನಾನು ಮಾತು ಕಡಿಮೆ ಆಡುವವಳು. ಗಿರಾಕಿಗಳ ಮನೆಯ ವಿಷಯಕ್ಕೆ ಹೋಗುವವಳಲ್ಲ. ಆದರೆ ಇದು ನಕ್ಷೆಯ ಪ್ರಶ್ನೆಯಾಗಿತ್ತು, ನಕ್ಷೆಯಲ್ಲಿ ಉತ್ತರವೂ ಇತ್ತು. ಕೊಂಕಣದ ದಂಡೆಯಲ್ಲಿ ಒಂದು ಈಶ್ವರನ ಗುಡಿ ಇದೆ. ಭರತದ ಹೊತ್ತಿಗೆ ಅಲೆ ಅದರ ಕಟ್ಟೆಗೆ ಬಂದು ತಾಗುತ್ತದೆ. ಕೊಲ್ಲಾಪುರದಿಂದ ಘಾಟು ಇಳಿದರೆ ಆಯಿತು. ಚುಕ್ಕೆಯನ್ನು ಮಲಗಿಸಬೇಕಿಲ್ಲ, ಯಾರಿಗೂ ಸುಳ್ಳು ಹೇಳಬೇಕಿಲ್ಲ, ಗುಡಿಯ ಹೆಸರು ಹೇಳಿದರೆ ಸಾಕು ಎಂದೆ. ಶಾಂತವ್ವ ಬಗ್ಗಿ ನಕ್ಷೆಯ ಮೇಲಿನ ಆ ದಂಡೆಯನ್ನು ನೋಡಿದರು.

"ಸಮುದ್ರದ ದಂಡಿಗೆ ಬಂದು ಕುಂತಾನಂದ್ರ ಈಶ್ವರನೂ ನಮ್ಹಂಗ ಮನಿ ಬಿಟ್ಟು ಬಂದಾನ ಅನ್ನು," ಎಂದು ನಕ್ಕರು. ಕೆಳಗಿನ ಕರದಂಟಿನ ಅಂಗಡಿಗೂ ಕೇಳಿಸಿರಬೇಕು.

ರಾಮಣ್ಣ ಒಪ್ಪಿದರು. ಈಶ್ವರನೆಂದ ಮೇಲೆ ಬೇಡ ಎನ್ನಲು ಬರಲಿಲ್ಲ. ಬಸ್ಸು ಮಸಗುಪ್ಪಿಯಿಂದ ಹೊರಟಿತು. ಮೊದಲ ದಿನ ಕೊಲ್ಲಾಪುರ. ಎರಡನೆಯ ದಿನ ಚುಕ್ಕೆ ಘಾಟಿನ ತಿರುವುಗಳಲ್ಲಿ ಇಳಿಯುತ್ತ ಹೋಗಿ, ಮಧ್ಯಾಹ್ನದ ಹೊತ್ತಿಗೆ ದಂಡೆ ಮುಟ್ಟಿ, ದಂಡೆ ದಾಟಿ, ನೀಲಿಯೊಳಗೆ ನಿಂತಿತು.

ಏನಾಗಿದೆಯೆಂದು ನನಗೆ ಗೊತ್ತಿತ್ತು. ಆ ಮೂಲೆಯಲ್ಲಿ ಸಿಗ್ನಲ್ ಇಲ್ಲ. ಪೆಟ್ಟಿಗೆಗೆ ಕೊಲ್ಲಿಯ ಆಚೆ ದಡದ ಯಾವುದೋ ಟವರು ಒಂದು ಕ್ಷಣ ಸಿಕ್ಕಿದೆ, ಅದು ಅಂದಾಜು ಮಾಡಿ ನಡುನೀರಿನಲ್ಲಿ ಜಾಗ ತೋರಿಸಿದೆ, ಆಮೇಲೆ ಆ ಟವರೂ ತಪ್ಪಿದೆ. ಆಗ ಕಚೇರಿಗೆ ಫೋನು ಬಂತು. ರಾಮಣ್ಣ.

"ಮೇಡಂ, ಬಸ್ಸು ನೀರಾಗ ಐತಿ."

ಇಲ್ಲ, ಬಸ್ಸು ಗುಡಿಯ ಹತ್ತಿರವೇ ಇರುತ್ತದೆ, ಚುಕ್ಕೆ ತಪ್ಪು ತೋರಿಸುತ್ತಿದೆ ಎಂದೆ. ನಿಧಾನವಾಗಿ, ಎರಡು ಸಲ.

"ಚುಕ್ಕಿ ಸುಳ್ಳ ಹೇಳೂದಿಲ್ಲಂತ ನೀವ ಬರದೀರಿ. ಈಗ ಹಿಂಗ ಅಂತೀರಿ. ಒಬ್ಬಾಕೀದೂ ಫೋನ್ ಹತ್ತವಲ್ದು. ನಮ್ಮ ಮನಿ ಹೆಣ್ಣಮಕ್ಕಳು ಅದಾರ ಅದರಾಗ, ಖರೆ ಹೇಳ್ರಿ ನನಗ."

ಅವರ ದನಿ ಒಡೆದಿತ್ತು. ಅದು ನಾಟಕವಲ್ಲ. ಆ ಮನುಷ್ಯನ ಬಗ್ಗೆ ಮುಂದೆ ನಾನು ಬರೆಯುವುದನ್ನು ಓದುವಾಗ ಇದನ್ನೂ ನೆನಪಿಡಬೇಕು. ರಾಮಣ್ಣ ಡೇರಿಯ ಕಟ್ಟೆಯ ಮೇಲೆ ಕೂತು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತರಂತೆ. ಕೇರಿಯಲ್ಲಿ ಹೆಂಗಸರು ಬಾಯಿ ಬಡಿದುಕೊಂಡರಂತೆ. ಹಾಲು ಕ್ಯಾನಿನಲ್ಲೇ ಒಡೆಯಿತಂತೆ. ಗಂಡಸರು ಒಂದು ಕ್ರೂಸರ್ ಗಾಡಿ ತುಂಬಿಕೊಂಡು ಹೊರಟರು. ಹತ್ತರಗಿಯ ಹತ್ತಿರ ಹೆದ್ದಾರಿ ಹತ್ತುವಾಗ ಚುಕ್ಕೆ ನೀರಿನಿಂದ ನೆಗೆದು ದಂಡೆಗೆ ಬಂತು, ರಸ್ತೆ ಹಿಡಿದು ಓಡತೊಡಗಿತು. ಬಸ್ಸು ಮನೆಗೆ ಹೊರಟಿತ್ತು, ಸಿಗ್ನಲ್ ಸಿಕ್ಕಿತ್ತು. ಗಾಡಿಯಲ್ಲಿದ್ದ ಯಾರೋ ಒಬ್ಬ, "ರಾಮಣ್ಣಾ, ಬಸ್ಸು ಈಜಿ ದಂಡಿ ಮುಟ್ಟಿತು ನೋಡೋ" ಎಂದ. ಎಲ್ಲರೂ ನಕ್ಕರು. ಅಳು ಆಗ ನಾಚಿಕೆಯಾಯಿತು. ಗಾಡಿ ತಿರುಗಿಸಿಕೊಂಡು ಊರಿಗೆ ಬರುವ ಹೊತ್ತಿಗೆ ನಾಚಿಕೆ ಸಿಟ್ಟಾಗಿತ್ತು. ಆ ಸಿಟ್ಟಿಗೆ ಒಬ್ಬರು ಬೇಕಿತ್ತು.

ಮರುದಿನ ಶಾಂತವ್ವ ನನ್ನ ಫೋನಿಗೆ ಒಂದು ಫೋಟೋ ಕಳಿಸಿದರು, ಜೊತೆಗೆ ದನಿ ಸಂದೇಶ. ಊರಲ್ಲಿ ಏನೇನು ಆಯಿತೆಂದು ಅದರಲ್ಲಿತ್ತು. ನಾವು ಗುಡಿ ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಬಸ್ಸು ಗುಡಿಯ ಹಿಂದೆ ಗಾಳಿಮರದ ಕೆಳಗೆ ನಿಂತಿತ್ತು ಎಂದು ಹೇಳಿದರೂ ಯಾರೂ ನಂಬುತ್ತಿಲ್ಲ ಎಂದಿದ್ದರು. ಕೊನೆಗೆ, ಫೋಟೋ ನಿನಗಷ್ಟೇ, ಯಾರಿಗೂ ತೋರಿಸಬೇಡ ಎಂದಿದ್ದರು.

ಫೋಟೋದಲ್ಲಿ ಸಮುದ್ರವಿತ್ತು. ಹೆಂಗಸರು ಸಾಲಾಗಿ ಒಬ್ಬರ ಕೈ ಒಬ್ಬರು ಹಿಡಿದು, ಸೀರೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ, ಅಲೆಯಲ್ಲಿ ನಿಂತಿದ್ದರು. ತಲೆಯ ಮೇಲೆ ಸೆರಗು ಯಾರಿಗೂ ಇರಲಿಲ್ಲ. ಶಾಂತವ್ವನ ಬಾಯಿ ಅಷ್ಟಗಲ ತೆರೆದಿತ್ತು, ನಗುತ್ತಿದ್ದರೋ ಕೂಗುತ್ತಿದ್ದರೋ ತಿಳಿಯದು. ಅವರ ಹಿಂದೆ, ಚಿತ್ರದ ಎಡ ಮೂಲೆಯಲ್ಲಿ ಗುಡಿಯ ಗೋಡೆ, ಗಾಳಿಮರ, ಅದರ ಕೆಳಗೆ ನಮ್ಮ ಬಸ್ಸು. ನಂಬರ್ ಪ್ಲೇಟು ಓದಬಹುದಿತ್ತು. ಬಸ್ಸು ಎಲ್ಲಿತ್ತು ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಸಾಕ್ಷಿ ತೋರಿಸಬೇಕೆಂದರೆ ಆ ಮೊಣಕಾಲುಗಳನ್ನೂ ತೋರಿಸಬೇಕಿತ್ತು.

ಎರಡು ದಿನ ಬಿಟ್ಟು ರಾಮಣ್ಣ ನಾಲ್ಕು ಜನರನ್ನು ಕರೆದುಕೊಂಡು, ಬಸ್ಸು ಎಲ್ಲಿ ನಿಂತಿತ್ತೆಂದು ವಿಚಾರಿಸಲು ಕಚೇರಿಗೆ ಬರುವವರಿದ್ದರು. ಶಾಂತವ್ವನನ್ನೂ ಅವರ ಗಂಡನನ್ನೂ ಕರೆತರುತ್ತಾರೆಂದು ತಿಳಿದಿತ್ತು. ಅವರು ಬರುವ ಮುಂಚೆ ನಾನು ಮಾಲಕರ ಕೋಣೆಗೆ ಹೋದೆ. ಚುಕ್ಕೆ ತಪ್ಪು ತೋರಿಸಿತೆಂದು ನೀವು ಒಂದು ಮಾತು ಹೇಳಿದರೆ ಇದು ಇಲ್ಲಿಗೆ ಮುಗಿಯುತ್ತದೆ, ಆ ಹೆಂಗಸರ ಪ್ರಯಾಣ ಉಳಿಯುತ್ತದೆ ಎಂದೆ. ಅವರು ಬಹಳ ಮೃದುವಾಗಿ ಮಾತಾಡಿದರು.

"ಸಾಲಿ ಬಸ್ಸಿಗೂ ಅದನ್ನ ಹಚ್ಚೇವಿ. ಇವತ್ತ ಇಲ್ಲಿ ತಪ್ಪೈತಿ ಅಂದ್ರ ನಾಳೆ ಪ್ರತಿಯೊಬ್ಬ ತಾಯಿ ಫೋನ್ ಮಾಡ್ತಾಳ, ನನ್ನ ಮಗಾ ಎಲ್ಲಿ ಅದಾನಂತ. ನೀ ಸುಮ್ಮನ ಕುಂದ್ರು."

ಬಂದರು. ಗಂಡಸರು ಕುರ್ಚಿಯಲ್ಲಿ ಕೂತರು, ಶಾಂತವ್ವ ಬಾಗಿಲ ಹತ್ತಿರ ನಿಂತರು. ಮಾಲಕರು ಎಲ್ಲರಿಗೂ ಚಹಾ ತರಿಸಿ ಹೇಳತೊಡಗಿದರು. ಹೆಣ್ಣುಮಕ್ಕಳು ಹಠ ಮಾಡಿದ್ದಾರೆ, ಡ್ರೈವರ್ ಅವರ ಮಾತಿಗೆ ಬಸ್ಸನ್ನು ಉಸುಕಿನಲ್ಲಿ ಮುಂದೆ ಒಯ್ದಿದ್ದಾನೆ, ಭರತ ಬಂದು ನೀರು ಗಾಲಿಯವರೆಗೆ ಏರಿದೆ, ದೇವರ ದಯೆ ಏನೂ ಆಗಿಲ್ಲ, ಮುಂದೆ ಹೀಗಾಗದಂತೆ ನಾವು ನೋಡಿಕೊಳ್ಳುತ್ತೇವೆ ಎಂದರು. "ಚುಕ್ಕಿ ಇದ್ದದ್ದಕ್ಕ ನಿಮಗ ಗೊತ್ತಾತು," ಎಂದು ಮುಗಿಸಿದರು.

ಬಾಬೂ ಕಾಕಾ ಗೋಡೆಗೆ ಒರಗಿ ನಿಂತಿದ್ದರು. ಶಾಂತವ್ವ ಅವರ ಕಡೆ ತಿರುಗಿದರು.

"ಕಾಕಾ, ನೀವ ಹೇಳ್ರಿ. ಗಾಲಿಗೆ ಉಸುಕು ಹತ್ತಿತ್ತೇನು?"

ಕಾಕಾ ಮಾಲಕರ ಕಡೆ ಒಮ್ಮೆ ನೋಡಿ, ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಡಚಿದರು.

"ಸ್ವಲ್ಪ ಹತ್ತಿತ್ತು ಬೇ."

ಚಲಿಸುವ ಮೆಟ್ಟಿಲು, ಸಿನಿಮಾ, ಎಲ್ಲವನ್ನೂ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮನುಷ್ಯ. ಆ ಒಂದು ಮಾತಿಗೆ ಕಚೇರಿಯಲ್ಲಿ ಎಲ್ಲವೂ ಇತ್ಯರ್ಥವಾಯಿತು.

ನಾನು ಎದ್ದು ನಿಂತೆ. ಚುಕ್ಕೆಯನ್ನು ನೋಡಿಕೊಳ್ಳುವವಳು ನಾನು, ಅದು ಆ ದಿನ ತಪ್ಪಿತ್ತು ಎಂದೆ. ಸಿಗ್ನಲ್ ಇಲ್ಲದ ಕಡೆ ಅದು ಹೇಗೆ ಅಂದಾಜು ಮಾಡುತ್ತದೆಂದು ವಿವರಿಸಿದೆ. ರಾಮಣ್ಣ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎದ್ದು ಕಿಟಕಿಗೆ ಹೋಗಿ, ಕೆಳಗೆ ನಿಂತಿದ್ದ ಅದೇ ಬಸ್ಸನ್ನು ನೋಡಿ, ತಮ್ಮ ಫೋನಿನಲ್ಲಿ ಲಿಂಕ್ ತೆರೆದರು. ಚುಕ್ಕೆ ಕರದಂಟಿನ ಅಂಗಡಿಯ ಮುಂದೆ, ಬಸ್ಸು ನಿಂತ ಜಾಗದಲ್ಲೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಕೂತಿತ್ತು. ಫೋನನ್ನು ನನ್ನ ಮುಂದೆ ಹಿಡಿದರು.

"ಇಲ್ಲಿ ಬರೋಬರಿ ಐತಲ್ರಿ ಮೇಡಂ. ನಮ್ಮ ಹೆಣ್ಣಮಕ್ಕಳು ಹ್ವಾದಲ್ಲೆ ಅಷ್ಟ ತಪ್ಪತೈತೇನು?"

ಅದಕ್ಕೆ ಉತ್ತರವಿತ್ತು. ಗೋಕಾಕದಲ್ಲಿ ಹೆಜ್ಜೆಗೊಂದು ಟವರು ಇದೆ. ಆದರೆ ಅವರೆಲ್ಲ ಆಗಲೇ ನಗುತ್ತಿದ್ದರು. ನನ್ನ ಕೈ ಮೇಜಿನ ಮೇಲಿದ್ದ ನನ್ನ ಫೋನಿಗೆ ಹೋಯಿತು. ಬಾಗಿಲ ಹತ್ತಿರ ಶಾಂತವ್ವ ಅದನ್ನು ನೋಡಿದರು. ಬೇರೆ ಯಾರಿಗೂ ಕಾಣದಷ್ಟು ಸಣ್ಣಗೆ ತಲೆ ಅಲ್ಲಾಡಿಸಿದರು. ಕೈ ವಾಪಸು ತೆಗೆದೆ.

ರಾಮಣ್ಣ ಚಹಾ ಮುಗಿಸಿ ಕಪ್ಪು ಕೆಳಗಿಟ್ಟರು. ಯಾರ ಮುಖವನ್ನೂ ನೋಡದೆ ಹೇಳಿದರು.

"ಸಂಘದ ಬಸ್ಸು ಇನ್ನ ಬ್ಯಾಡ. ದೇವರು ಊರಾಗನೂ ಅದಾನ."

ಶಾಂತವ್ವನ ಗಂಡ ನೆಲ ನೋಡುತ್ತ ಕೂತಿದ್ದರು. ಶಾಂತವ್ವ ಮೊದಲು ಮೆಟ್ಟಿಲಿಳಿದು ಹೋದರು. ಅವರೆಲ್ಲ ಹೋದ ಮೇಲೆ ಮಾಲಕರು ಮಸಗುಪ್ಪಿ ಸಂಘದ ಹೆಸರನ್ನು ಗಿರಾಕಿಗಳ ಪಟ್ಟಿಯಿಂದ ತೆಗೆದುಬಿಡು ಎಂದಷ್ಟೇ ಹೇಳಿ ಊಟಕ್ಕೆ ಹೋದರು. ನಾನು ತೆಗೆಯಲಿಲ್ಲ. ಹುಕ್ಕೇರಿಯ ಹುಡುಗಿಗೆ ಅದು ಇನ್ನೂ ಕಾಣಬಹುದು.

ನೀವು ಬುದ್ಧಿವಂತರಾಗಿದ್ದರೆ ಈ ಕೆಲಸ ಬೇಗ ಕಲಿಯುತ್ತೀರಿ. ನಿಮ್ಮ ಯಂತ್ರ ಎಲ್ಲಿ ತಪ್ಪುತ್ತದೆಂದು ನಿಮಗೊಬ್ಬರಿಗೇ ಗೊತ್ತಿರುತ್ತದೆ. ಯಂತ್ರ ತಪ್ಪಿದ ದಿನ ಅದರ ತಪ್ಪನ್ನು ಹೊರಲು ಮನುಷ್ಯರನ್ನು ಹುಡುಕುತ್ತಾರೆ. ಹೆಚ್ಚು ಹುಡುಕಬೇಕಾಗುವುದಿಲ್ಲ, ಬಾಗಿಲ ಹತ್ತಿರ ಯಾರಾದರೂ ನಿಂತಿರುತ್ತಾರೆ.

ಮರುದಿನ ಬೆಳಿಗ್ಗೆ ಕಚೇರಿಯ ಕೀಲಿಯನ್ನು ಕರದಂಟಿನ ಅಂಗಡಿಯವರ ಹತ್ತಿರ ಕೊಟ್ಟು, ಮಾಲಕರು ಬಂದರೆ ಕೊಡಿ ಎಂದೆ. ಅಲ್ಲಿಂದ, ಮಸಗುಪ್ಪಿಯ ಯಾರನ್ನೂ ಅರಿಯದ ಒಂದು ಫೋಟೋ ಸ್ಟುಡಿಯೋಗೆ ಹೋದೆ. ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಕೊಡಿ, ಎಡ ಮೂಲೆಯನ್ನು ಕತ್ತರಿಸಿ ತೆಗೆಯಿರಿ ಎಂದೆ. ಬಸ್ಸು ಚಲೋ ಬಂದೈತಲ್ರಿ, ನಂಬರು ಸೈತ ಕಾಣತೈತಿ, ಯಾಕ ತಗೀತೀರಿ ಎಂದು ಸ್ಟುಡಿಯೋದವರು ಕೇಳಿದರು. ಬೇಡ ಎಂದೆ. ಗೋಡೆ, ಮರ, ಬಸ್ಸು ಹೋದವು. ಹೆಂಗಸರು ಉಳಿದರು, ನೀರು ಉಳಿಯಿತು.

ಮಸಗುಪ್ಪಿಗೆಂದು ಮೂಡಲಗಿ ಕಡೆಯ ಸರಕಾರಿ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡಿನ ಕಡೆ ಅರೆಗಣ್ಣು ಹಾಯಿಸಿ, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. ಅಡ್ಡಹೆಸರು ಓದುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಬಾಜೂ ಕೂತವರು ಯಾರೆಂದು ನನಗೂ ತಿಳಿಯಲಿಲ್ಲ.

ಶಾಂತವ್ವ ಹೊಲದಲ್ಲಿದ್ದರು, ಕಬ್ಬಿಗೆ ನೀರು ಕಟ್ಟುತ್ತಿದ್ದರು. ಕವರು ಕೊಟ್ಟೆ. ಕೈಯನ್ನು ಸೀರೆಗೆ ಒರೆಸಿಕೊಂಡು ಚಿತ್ರ ಹೊರತೆಗೆದು ಬಹಳ ಹೊತ್ತು ನೋಡಿದರು. ಮತ್ತೆ ಕವರಿನಲ್ಲಿಟ್ಟು ಸೆರಗಿನೊಳಗೆ ಸಿಕ್ಕಿಸಿಕೊಂಡರು.

"ನೀ ನೋಡೀಯೇನ್ ತಂಗಿ ಸಮುದ್ರ?"

ಇಷ್ಟು ವರ್ಷ ಎಷ್ಟೋ ಬಸ್ಸುಗಳನ್ನು ಅಲ್ಲಿಗೆ ಕಳಿಸಿದ್ದೆ. ಇಲ್ಲ ಎಂದೆ.

"ಅಲಿ ವಾಪಸ್ ಹೋಗೂ ಮುಂದ ಕಾಲ ಕೆಳಗಿನ ಉಸುಕು ಸರಕೊಂತ ಹೋಗತೈತಿ. ನಿಂತಲ್ಲೇ ನಿಂತಿರ್ತೀವಿ, ಆದ್ರ ಎಲ್ಲಿಗೋ ಹೊಂಟಂಗ ಅನಸತೈತಿ. ಇದನ್ನ ಯಾರೂ ಹೇಳಿರಲಿಲ್ಲ ನಮಗ."

ಅಷ್ಟು ಹೇಳಿ ಅವರು ಸಲಿಕೆ ಎತ್ತಿಕೊಂಡು ನೀರು ತಿರುಗಿಸಲು ಮುಂದಿನ ಸಾಲಿಗೆ ಹೋದರು. ನಾನು ಚಪ್ಪಲಿ ಬಿಟ್ಟು, ನೀರು ಹರಿಯುತ್ತಿದ್ದ ಸಾಲಿನಲ್ಲಿ ಕಾಲಿಟ್ಟು ನಿಂತೆ. ಮಣ್ಣು ಸರಿಯಲಿಲ್ಲ. ಕಪ್ಪು ಎರೆಮಣ್ಣು ಹಿಮ್ಮಡಿಯವರೆಗೆ ಕಾಲನ್ನು ಹಿಡಿದುಕೊಂಡಿತು.